ಹಚ್ಚಲೇನ್ರಿ ಸರ?

ಸುಮಂಗಲಾಳಿಗೆ ಮೂಗಿತ್ತು, ವಾಸನೆ ಇರಲಿಲ್ಲ. ಕೊರೋನಾದ ಎರಡನೆಯ ಅಲೆಯ ಜ್ವರ ಅವಳನ್ನು ಹಾಸಿಗೆಯಿಂದ ಎಬ್ಬಿಸಿ ಕಳುಹಿಸುವಾಗ ಅದೊಂದನ್ನು ಮಾತ್ರ ತನ್ನ ಬಳಿಯೇ ಇಟ್ಟುಕೊಂಡಿತ್ತು. ಮುಡಿದ ಮಲ್ಲಿಗೆ, ಉಕ್ಕಿ ಸೀದ ಹಾಲು, ಮೊದಲ ಮಳೆಗೆ ನೆಂದ ಅಂಗಳ, ಎಲ್ಲವೂ ಅಂದಿನಿಂದ ಗಾಜಿನ ಆಚೆಗೆ ಸರಿದು ನಿಂತಿದ್ದವು. ಭಾಗ್ಯನಗರದ ಮನೆಯಲ್ಲಿ ಗಂಡ ಉಮಾಪತಿಗೆ ಇದು ಗೊತ್ತಿತ್ತು. ಹೊಸ್ತಿಲ ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಆಮ್ಲಕ್ಕೂ ನೀರಿಗೂ ವಾಸನೆಯಲ್ಲಿ ವ್ಯತ್ಯಾಸ ತಿಳಿಯದ ವಿಜ್ಞಾನ ಶಿಕ್ಷಕಿಯ ಕೈಗೆ ಪ್ರಯೋಗಾಲಯದ ಕೀಲಿಕೈಯನ್ನು ಯಾರು ಕೊಡುತ್ತಾರೆ? ಆ ಕೀಲಿಕೈ ಹೋದರೆ ತನ್ನಲ್ಲಿ ಉಳಿಯುವುದೇನು? ಈ ಭಯದಿಂದಲೇ ಅವಳು ಹೊಸ ಶಾಲೆಗೆ ವರ್ಗವಾಗಿ ಬಂದ ದಿನ, ಮುಖ್ಯೋಪಾಧ್ಯಾಯ ಹನುಮಂತಪ್ಪನವರು ಕೊಟ್ಟ ಚಹಾದ ಲೋಟವನ್ನು ಮೂಗಿನ ಬಳಿಗೆ ತಂದು, "ಏಲಕ್ಕಿ ಹಾಕೀರೇನ್ರಿ? ಘಮಘಮ ಅನ್ನಾಕಹತ್ತೈತಿ" ಎಂದಿದ್ದಳು. ಲೋಟದಲ್ಲಿ ಏಲಕ್ಕಿಯ ಸಿಪ್ಪೆ ತೇಲುತ್ತಿದ್ದುದು ಕಣ್ಣಿಗೆ ಕಂಡಿತ್ತು, ಅಷ್ಟೆ.

ಶಾಲೆ ಇದ್ದದ್ದು ಮರಳಿ ಎಂಬ ಊರಿನಿಂದ ಆಚೆಗೆ, ಕಾಲುವೆ ದಾಟಿದ ಮೇಲೆ ಸಿಗುವ, ಭತ್ತ ಬೆಳೆಯಲು ವಲಸೆ ಬಂದವರ ಒಂದು ಕ್ಯಾಂಪಿನಲ್ಲಿ. ಮೂರು ಕಡೆ ಭತ್ತದ ಗದ್ದೆ, ನಾಲ್ಕನೆಯ ಕಡೆ ಅಕ್ಕಿ ಗಿರಣಿ. ಗಿರಣಿಯ ಹೊಟ್ಟಿನ ಬೂದಿ ಗಾಳಿಯಲ್ಲಿ ತೇಲಿ ಬಂದು ಕಿಟಕಿ, ಬೆಂಚು, ಮಕ್ಕಳ ತಲೆಗೂದಲು ಎನ್ನದೆ ಎಲ್ಲದರ ಮೇಲೂ ಸದ್ದಿಲ್ಲದೆ ಕೂಡುತ್ತಿತ್ತು. ಪ್ರಯೋಗಾಲಯವು ಸಾಲಿನ ಕೊನೆಯ ಉದ್ದನೆಯ ಕೋಣೆ. ಅದಕ್ಕೂ ಬಿಸಿಯೂಟದ ಅಡುಗೆಮನೆಗೂ ನಡುವೆ ಒಂದೇ ಗೋಡೆ.

ಆ ಕೋಣೆಯಲ್ಲಿ ಅವಳು ಮಾಡಿಸಿದ ಮೊದಲ ಪ್ರಯೋಗ ಮೆಗ್ನೀಸಿಯಂ ಪಟ್ಟಿಯನ್ನು ಉರಿಸುವುದು. ಹತ್ತನೆಯ ತರಗತಿಯ ಮಕ್ಕಳು ಮೇಜಿನ ಸುತ್ತ ನಿಂತಿದ್ದರು. ಕಲ್ಲೇಶನೆಂಬ ಎತ್ತರದ ಹುಡುಗ ಸ್ಪಿರಿಟ್ ದೀಪದ ಮುಂದೆ ಕಡ್ಡಿಪೆಟ್ಟಿಗೆ ಹಿಡಿದಿದ್ದ. ಆಗ ದಾನೇಶ್ವರಿ ಎಂಬ ಹುಡುಗಿ ಯಾರೂ ಹೇಳದೆಯೇ ಕೋಣೆಯ ಹಿಂಭಾಗಕ್ಕೆ ನಡೆದು, ಬಾಗಿಲ ಬಳಿ ಮಂಡಿಯೂರಿ, ನೆಲಕ್ಕೆ ಹಣೆ ಮುಟ್ಟಿಸಿ ಎದ್ದು ನಿಂತಳು. ಉಳಿದವರೆಲ್ಲರೂ ತಲೆ ತಗ್ಗಿಸಿದರು. ಕಲ್ಲೇಶ ಸ್ಪಷ್ಟವಾದ ದನಿಯಲ್ಲಿ ಕೇಳಿದ:

"ಹಚ್ಚಲೇನ್ರಿ ಸರ?"

"ನಾ ಸರ ಅಲ್ಲೋ, ಮೇಡಂ. ಇಷ್ಟುದ್ದ ಸೀರಿ ಉಟಗೊಂಡು ನಿಂತೀನಿ, ಕಣ್ಣಿಗೆ ಕಾಣವಲ್ದೇನು?"

ಯಾರೂ ನಗಲಿಲ್ಲ. ಕಲ್ಲೇಶ ತಲೆ ಎತ್ತದೆಯೇ ಅಂದ, "ನಿಮಗಲ್ರಿ ಮೇಡಂ. ಸರಗ ಕೇಳಿದ್ದು."

"ಯಾವ ಸರಗ?"

ಉತ್ತರ ಹುಡುಗನಿಂದ ಬರಲಿಲ್ಲ. ಕೋಣೆಯ ಹಿಂದಿನಿಂದ, ಒಣಗಿದ ಗಂಟಲಿನ, ವಯಸ್ಸಾದ, ಅವಸರವೇ ಇಲ್ಲದ ಒಂದು ದನಿ ಬಂತು.

"ಹಚ್ಚು."

ಕಲ್ಲೇಶ ಕಡ್ಡಿ ಗೀರಿದ. ದೀಪ ಹತ್ತಿತು. ಮಕ್ಕಳು ತಲೆ ಎತ್ತಿ, ಏನೂ ಆಗದವರಂತೆ, ಪಟ್ಟಿ ಉರಿಯುವುದನ್ನು ಕಾಯತೊಡಗಿದರು.

ಹೊಸ ಶಿಕ್ಷಕಿಯನ್ನು ಹುಡುಗರು ಆಡಿಸಿ ನೋಡುವುದು ಹೊಸತಲ್ಲ. ಸುಮಂಗಲಾ ಪ್ರಯೋಗ ಮುಗಿಯುವವರೆಗೆ ತಾಳಿಕೊಂಡು, ಆಮೇಲೆ ಬಾಗಿಲು ಮುಚ್ಚಿ, ಕೈಕಟ್ಟಿ ನಿಂತಳು. "ಹಿಂದಿಂದ ಮಾತಾಡಿದ ಪುಣ್ಯಾತ್ಮ ಯಾರು? ಮುಂದ ಬರ್ಲಿ."

"ನಾವಲ್ರಿ," ಎಂದಿತು ಇಡೀ ತರಗತಿ.

"ನೀವಲ್ಲಂದ್ರ ಗ್ವಾಡಿ ಮಾತಾಡಿತೇನು?"

ದಾನೇಶ್ವರಿ ಮುಂದೆ ಬಂದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಹೆದರಿಕೆ ಕಾಣದ ಕಣ್ಣು. "ಅವರು ಕುಬೇರಪ್ಪ ಸರ ರೀ. ಮದ್ಲ ಈ ಸಾಲಿಗೆ ವಿಜ್ಞಾನಕ್ಕ ಅವರ ಇದ್ರು. ಆ ದೊಡ್ಡ ಜಡ್ಡಿನ್ಯಾಗ ಹೋದ್ರು."

"ಅವರ ಕೈಯಾಗ ನೀವು ಕಲ್ತೀರೇನು?"

"ಇಲ್ರಿ, ನಾವು ಹೈಸ್ಕೂಲಿಗೆ ಬರೂದ್ರಾಗ ಹೋಗಿದ್ರು. ನಮ್ಮಕ್ಕ ಕಲ್ತಾಳ. ಬೆಂಕಿ ಹಚ್ಚೂಕಿಂತ ಮದ್ಲ ಒಬ್ರು ನೆಲಕ್ಕ ಹಣಿ ಹಚ್ಚಬೇಕು, ಆಮ್ಯಾಲ ಸರನ್ನ ಕೇಳಬೇಕು, ಸರ ಹಚ್ಚು ಅಂದ್ರಷ್ಟ ಹಚ್ಚಬೇಕು ಅಂತ ಅಕ್ಕ ಹೇಳ್ಯಾಳ."

"ಅವರನ್ನ ನೀವು ನೋಡೇ ಇಲ್ಲ. ಮತ್ತ ಅವರದ ದನಿ ಅಂತ ಹ್ಯಾಂಗ ಗೊತ್ತು?"

ದಾನೇಶ್ವರಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ವಾರಾ ವಾರಾ ಕೇಳ್ತೀವಲ್ರಿ ಮೇಡಂ," ಎಂದಳು.

ಆ ಮೇಲಿನ ವಾರಗಳಲ್ಲಿ ಸುಮಂಗಲಾ ದನಿಯನ್ನು ಹಿಡಿಯಲು ಹೊಂಚು ಹಾಕಿದಳು. ಮೇಜಿನ ಬಳಿ ನಿಂತರೆ ದನಿ ಹಿಂದಿನಿಂದ ಬಂದಂತಿರುತ್ತಿತ್ತು. ಹಿಂದೆ ಹೋಗಿ ನಿಂತರೆ ಮುಂದಿನಿಂದ. ತುಟಿಗಳನ್ನು ನೋಡೋಣವೆಂದರೆ ಆ ಹೊತ್ತಿಗೆ ಎಲ್ಲರ ತಲೆಯೂ ತಗ್ಗಿರುತ್ತಿತ್ತು. ತಲೆ ತಗ್ಗಿಸಬಾರದೆಂದು ಗದರಿದ ದಿನ ಮಕ್ಕಳು ಕಣ್ಣು ಮುಚ್ಚಿಕೊಂಡು ಕತ್ತೆತ್ತಿ ನಿಂತರು. ಆ ಸಾಲು ಮುಖಗಳನ್ನು ನೋಡಿದ ಅವಳಿಗೆ ಯಾಕೋ ಮೈ ಜುಮ್ಮೆಂದಿತು; ಬೇಡ, ತಗ್ಗಿಸಿಯೇ ನಿಲ್ಲಿ ಎಂದುಬಿಟ್ಟಳು. ಯಾವನೋ ಕಿಲಾಡಿ, ಸಿಕ್ಕೇ ಸಿಗುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಒಬ್ಬಳೇ ಆ ಕೋಣೆಯ ಬೀಗ ತೆಗೆಯುವಾಗ, ಒಳಗೆ ಹೆಜ್ಜೆಯಿಡುವ ಮುನ್ನ ಒಮ್ಮೆ ಕೆಮ್ಮುವುದು ಅವಳಿಗೆ ರೂಢಿಯಾಯಿತು.

ಒಂದು ಮಧ್ಯಾಹ್ನ ಅಡುಗೆಯ ಹೊಳಿಯಮ್ಮ ತಟ್ಟೆಗೆ ಅನ್ನ ಸಾಂಬಾರು ಬಡಿಸಿ, ಎದುರಿಗೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಹ್ಯಾಂಗಾಗೈತ್ರಿ ಅಕ್ಕಾರ?"

"ಭಾಳ ಛಲೋ ಆಗೈತಿ, ಹೊಳಿಯಮ್ಮ."

ಹೊಳಿಯಮ್ಮ ಗೊಳ್ಳೆಂದು ನಕ್ಕಳು. "ಬ್ಯಾಳಿ ತಳಾ ಹತ್ತಿ ಕರ್ರಗಾಗೈತಿ! ಹುಡುಗುರು ಮಾರಿ ಕಿವಿಚಿಗೊಂಡು ಉಣ್ಣಾಕಹತ್ಯಾವು, ನೀವು ನೋಡಿದ್ರ ಛಲೋ ಅಂತೀರಿ. ಥೇಟ್ ಕುಬೇರಪ್ಪ ಸರ ನೋಡ್ರಿ ನೀವು. ಅವರೂ ಹಿಂಗ, ಸೀದದ್ದು ಹಾಕ್ಲಿ, ಹಳಸಿದ್ದು ಹಾಕ್ಲಿ, ಛಲೋ ಐತವ್ವಾ ಅನ್ನೋರು. ಮುಂಜಾನಿಂದ ಸಂಜೀತನಾ ನಶ್ಯ ಏರಿಸೋ ಮೂಗು, ಅದಕ್ಕೇನು ತಿಳೀಬೇಕು?"

ಸುಮಂಗಲಾ ತಾನೂ ನಕ್ಕಳು. ನಗು ಮುಗಿದ ಮೇಲೆ ತಟ್ಟೆಯಲ್ಲಿದ್ದ ಕರಿಯ ಬೇಳೆಯನ್ನು ಬೆರಳಿನಿಂದ ಬದಿಗೆ ಸರಿಸಿದಳು.

ಸುಗ್ಗಿಯ ದಿನಗಳು ಬಂದವು; ಗಿರಣಿ ಹಗಲೂ ರಾತ್ರಿ ಓಡತೊಡಗಿತು. ಆಗಲೇ ಹನುಮಂತಪ್ಪನವರು ಒಂದು ದಿನ ಬೆವರು ಒರೆಸಿಕೊಳ್ಳುತ್ತ ಪ್ರಯೋಗಾಲಯದ ಬಾಗಿಲಿಗೆ ಬಂದರು.

"ಮೇಡಂ, ನಾಳೆ ತಪಾಸಣಿಗೆ ಇಲಾಖಿ ಸಾಹೇಬ್ರು ಬರ್ತಾರಂತ ಫೋನ್ ಬಂತು. ವಿಜ್ಞಾನದ ಪಾಠ, ಪ್ರಯೋಗ ಎಲ್ಲಾ ನೋಡ್ತಾರಂತ. ಆ ಅಡಗಿಮನಿ ಪಡಸಾಲ್ಯಾಗ ತುಂಬಿದ ಸಿಲಿಂಡರ್ ಒಂದು ಅಡ್ಡ ನಿಂತೈತಿ. ಬಂದ ಕೂಡ್ಲೇ ಮದ್ಲ ಅದಕ್ಕ ಬೈತಾರ. ನಿಮ್ಮ ಹಿಂದಿನ ಟೇಬಲ್ ಕೆಳಗ ಸರಿಸಿ, ಮ್ಯಾಲೊಂದು ಬಟ್ಟಿ ಇಳೇ ಬಿಡ್ರಿ."

"ಲ್ಯಾಬಿನ್ಯಾಗ ಗ್ಯಾಸ್ ಸಿಲಿಂಡರ್ ಇಡಬಾರದ್ರಿ ಸರ."

"ಒಂದೊಪ್ಪತ್ತಿನ ಮಾತು. ಅವರು ಕಾರ್ ಹತ್ತಿದ್ರಂದ್ರ ಇದೂ ಹೊರಗ ಹೋಗ್ತೈತಿ. ಸಾಲಿ ಮರ್ಯಾದಿ ಉಳಿಸ್ರಿ."

ಹೊಳಿಯಮ್ಮ ಸಿಲಿಂಡರನ್ನು ಉರುಳಿಸಿಕೊಂಡು ತಂದಳು. ಅವಳಿಗೆ ನೆಗಡಿಯಾಗಿ ಮೂಗು ಕೆಂಪಗೆ ಊದಿತ್ತು. "ಅಕ್ಕಾರ, ಇದರ ಬಾಯಿ ಮ್ಯಾಲಿನ ಮುಚ್ಚಳಿ ಸ್ವಲ್ಪ ಸಡ್ಲ ಆದಂಗೈತಿ. ನನ್ನ ಮೂಗು ಕಟ್ಟಿ ಕಲ್ಲಾಗೈತಿ. ನೀವ ಒಂದ್ಸಲ ಮೂಸಿ ನೋಡ್ರಿ."

ದಾನೇಶ್ವರಿ ಮತ್ತು ಕಲ್ಲೇಶ ಅಲ್ಲೇ ಸ್ಟೂಲುಗಳನ್ನು ಒರೆಸುತ್ತಿದ್ದರು. ಹನುಮಂತಪ್ಪನವರು ಬಾಗಿಲಲ್ಲೇ ನಿಂತಿದ್ದರು. ಎಲ್ಲರ ಕಣ್ಣೂ ತನ್ನ ಮೇಲಿದ್ದುದನ್ನು ಸುಮಂಗಲಾ ಕಂಡಳು. ಅವಳು ಸೆರಗು ಸಾವರಿಸಿಕೊಂಡು ಬಾಗಿ, ಸಿಲಿಂಡರಿನ ಬಾಯಿಗೆ ಮುಖ ತಂದು, ಎದೆ ಉಬ್ಬುವಂತೆ ಉಸಿರೆಳೆದುಕೊಂಡಳು. ಏನೂ ಇರಲಿಲ್ಲ. ಎಂದಿನಂತೆ ಏನೂ ಇರಲಿಲ್ಲ.

"ಏನಿಲ್ಲ," ಎಂದಳು.

ಹೊಳಿಯಮ್ಮ ಹೋದಳು. ಬಟ್ಟೆ ಇಳಿಬಿಟ್ಟದ್ದಾಯಿತು. ಸುಮಂಗಲಾ ಮಕ್ಕಳತ್ತ ತಿರುಗಿ, ಮನಸ್ಸಿನ ಅಳುಕನ್ನು ಗಡಸು ದನಿಯಲ್ಲಿ ಮುಚ್ಚಿಕೊಂಡಳು. "ನಾಳೆ ಸಾಹೇಬ್ರ ಮುಂದ ಆ ನೆಲಕ್ಕ ಹಣಿ ಹಚ್ಚೋದು, ಸರನ್ನ ಕೇಳೋದು ಎಲ್ಲಾ ಬಂದ್. ವಿಜ್ಞಾನದ ಕ್ವಾಣ್ಯಾಗ ಮೂಢನಂಬಿಕಿ ಕಲಸ್ತಾಳ ಅಂತಾರ ನನಗ. ಕೇಳಿದ್ದಕ್ಕಷ್ಟ ಬಾಯಿ ಬಿಡ್ರಿ."

"ಸರ ಸಿಟ್ಟಾಗ್ತಾರ್ರಿ," ಎಂದಳು ದಾನೇಶ್ವರಿ.

"ಸರ ಇಲ್ಲವ್ವಾ."

ದಾನೇಶ್ವರಿ ಬಾಗಿಲ ಬಳಿಯ, ಹಣೆ ತಾಗಿ ತಾಗಿ ಸವೆದು ನುಣುಪಾಗಿದ್ದ ಆ ಒಂದು ನೆಲದ ಕಲ್ಲನ್ನು ಮಾತ್ರ ಮತ್ತೆ ಮತ್ತೆ ಒರೆಸಿದಳು.

ಮರುದಿನ ಗಾಳಿ ಗಿರಣಿಯ ಕಡೆಯಿಂದ ಬೀಸುತ್ತಿತ್ತು. ಮೇಜಿಗೆ ಹಾಸಿದ ಬಿಳಿಯ ಬಟ್ಟೆಯ ಮೇಲೆ ಬೂದಿ ಬೀಳಬಾರದೆಂದು ಹನುಮಂತಪ್ಪನವರು ಬೆಳಿಗ್ಗೆಯೇ ಎಲ್ಲ ಕಿಟಕಿಗಳನ್ನೂ ಮುಚ್ಚಿಸಿದ್ದರು. ಕೋಣೆಯೊಳಗೆ ಬೆಳಕು ಮಬ್ಬಾಗಿತ್ತು. ಮಕ್ಕಳು ಗೊಂಬೆಗಳಂತೆ ನಿಂತಿದ್ದರು. ಒಂದಿಬ್ಬರು ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಿದ್ದನ್ನು ಸುಮಂಗಲಾ ಗಮನಿಸಿ, ಕಣ್ಣಲ್ಲೇ ಗದರಿ ತೆಗೆಸಿದಳು. ಹಿಂದೆಲ್ಲೋ ಯಾರೋ ನೆಗಡಿಯಾದವರಂತೆ ಸಣ್ಣಗೆ ಉಸಿರಾಡುತ್ತಿದ್ದರು. ಯಾವ ಮಗುವೋ ತಿಳಿಯಲಿಲ್ಲ.

ಸಾಹೇಬರು ಒಳಗೆ ಬಂದರು. ದಪ್ಪ ಕನ್ನಡಕ, ತಣ್ಣನೆಯ ಮಾತು. ಹನುಮಂತಪ್ಪನವರು ಸರಿಸಿಕೊಟ್ಟ ಕುರ್ಚಿಯಲ್ಲಿ ಕುಳಿತು, ಒಮ್ಮೆ ಮೂಗು ಅರಳಿಸಿ, "ಹೂಂ, ಶುರು ಮಾಡ್ರಿ" ಎಂದರು.

ಸುಮಂಗಲಾ ಪಾಠ ಹೇಳಿದಳು. ಪಟ್ಟಿಯನ್ನು ಇಕ್ಕಳದಲ್ಲಿ ಹಿಡಿದು, ಉರಿಯುವಾಗ ನೇರವಾಗಿ ನೋಡಬಾರದೆಂದು ತಿಳಿಸಿ, ಕಲ್ಲೇಶನಿಗೆ ಸನ್ನೆ ಮಾಡಿದಳು. ಅವನು ಕಡ್ಡಿಪೆಟ್ಟಿಗೆ ತೆರೆದ. ಕಡ್ಡಿ ತೆಗೆದ. ಅವನ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಹಚ್ಚಲೇನ್ರಿ ಸರ?"

ಸುಮಂಗಲಾಳ ಮುಖ ಬಿಳಚಿತು. ಸಾಹೇಬರು ಮಾತ್ರ ಪ್ರಸನ್ನರಾದರು. "ಹಚ್ಚಪ್ಪ, ಹಚ್ಚು. ಛಲೋ ಶಿಸ್ತು ಕಲಿಸೀರಿ ಮೇಡಂ."

ಕಲ್ಲೇಶ ಹಚ್ಚಲಿಲ್ಲ.

"ಹಚ್ಚು ಅಂದೆನಲ್ಲೋ ತಮ್ಮಾ?"

"ನಿಮಗಲ್ರಿ ಸಾಹೇಬ್ರ," ಎಂದ ಕಲ್ಲೇಶ, ನೆಲ ನೋಡುತ್ತ.

ಎಲ್ಲರ ತಲೆಗಳೂ ತಗ್ಗಿದ್ದವು. ಕೋಣೆ ಕಾಯುತ್ತಿತ್ತು. ಗೋಡೆಯಾಚೆ ಹೊಳಿಯಮ್ಮನ ಸೌಟು ಹಂಡೆಗೆ ಬಡಿದ ಸದ್ದು ಕೇಳಿಸಿ ನಿಂತಿತು. ಉತ್ತರ ಬರಲಿಲ್ಲ. ಎಂದೂ ತಪ್ಪದಿದ್ದ ಆ ಒಣಗಂಟಲಿನ ದನಿ ಅಂದು ಬರಲಿಲ್ಲ.

"ಏನ್ ನಾಟಕ ಇದು?" ಎಂದರು ಸಾಹೇಬರು.

ಸುಮಂಗಲಾ ಹುಡುಗನ ಕೈಯಿಂದ ಕಡ್ಡಿಪೆಟ್ಟಿಗೆಯನ್ನು ಕಸಿದುಕೊಂಡಳು. ಸಿಟ್ಟು, ನಾಚಿಕೆ ಎರಡೂ ಕಣ್ಣಿಗೆ ಕತ್ತಲೆ ಕಟ್ಟಿದ್ದವು. ಕಡ್ಡಿಯ ತಲೆಯನ್ನು ಪೆಟ್ಟಿಗೆಯ ಪಕ್ಕಕ್ಕೆ ಒತ್ತಿ ಹಿಡಿದಳು. ಎಳೆಯುವುದೊಂದೇ ಬಾಕಿ. ಆ ನಿಶ್ಶಬ್ದದಲ್ಲಿ ಹಿಂದಿನ ಆ ಉಸಿರು ಮತ್ತೆ ಕೇಳಿಸಿತು. ಈಗ ಅವಳು ಅದನ್ನು ಗಮನವಿಟ್ಟು ಕೇಳಿದಳು. ಅದು ಒಳಗೆಳೆದು ಹೊರಗೆ ಬಿಡುವ ಉಸಿರಾಗಿರಲಿಲ್ಲ. ಒಂದೇ ಸಮನೆ, ತಡೆಯಿಲ್ಲದೆ ಸಾಗುತ್ತಿತ್ತು. ಯಾರೋ ಮಾತಾಡಬೇಕೆಂದು ಬಾಯಿ ತೆರೆದು, ಮಾತು ಹೊರಡದೆ, ಬರೀ ಗಾಳಿಯನ್ನೇ ಬಿಡುತ್ತಿರುವಂತೆ. ಯಾವ ಮನುಷ್ಯನ ಎದೆಯಲ್ಲಿಯೂ ಅಷ್ಟು ಉದ್ದದ ಉಸಿರಿಲ್ಲ.

ಅವಳ ಕೈ ಕದಲಲಿಲ್ಲ. ತಲೆ ತಗ್ಗಿಸಿದ್ದ ಮಕ್ಕಳಲ್ಲಿ ದಾನೇಶ್ವರಿ ಒಬ್ಬಳೇ ಬಾಗಿಲ ಬಳಿಯ ಕಲ್ಲನ್ನು ನೋಡುತ್ತಿದ್ದಳು.

ಸುಮಂಗಲಾ ಕಡ್ಡಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು. ಸಾಹೇಬರ ಕುರ್ಚಿಯನ್ನು ದಾಟಿ ಹಿಂದಕ್ಕೆ ನಡೆದಳು. ಮಂಡಿಯೂರಿದಳು. ಒಂದು ಕ್ಷಣ ಹಿಂಜರಿದು, ಕಲ್ಲಿಗೆ ಹಣೆ ಮುಟ್ಟಿಸಿದಳು. ಮೂಗಿಗೆ ಏನೂ ತಿಳಿಯಲಿಲ್ಲ. ಆದರೆ ಉಸಿರಿನ ಸದ್ದು ಈಗ ಕಿವಿಯ ಪಕ್ಕದಲ್ಲೇ ಇತ್ತು, ಇಳಿಬಿಟ್ಟ ಬಟ್ಟೆಯ ಹಿಂದೆ. ಅವಳು ಕೈ ಚಾಚಿ ಬಟ್ಟೆ ಸರಿಸಿದಳು. ಸಿಲಿಂಡರಿನ ಕತ್ತು ಬೆವರಿತ್ತು. ಮುಟ್ಟಿದ ಬೆರಳು ಮರಗಟ್ಟುವಷ್ಟು ತಣ್ಣಗಿತ್ತು.

ಹಣೆ ನೆಲಕ್ಕೆ ತಾಗಿದರೆ ಮೂಗೂ ನೆಲಕ್ಕೆ ತಾಗುತ್ತದೆ. ಈ ಗ್ಯಾಸು ಗಾಳಿಗಿಂತ ಭಾರ. ನೀರಿನಂತೆ ನೆಲದ ಮೇಲೆ ಹರಿದು, ತಗ್ಗಿನಲ್ಲಿ ನಿಂತು, ಕಿಡಿಯನ್ನು ಕಾಯುತ್ತದೆ. ಇದನ್ನು ಅವಳೇ ಮಕ್ಕಳಿಗೆ ಕಲಿಸಿದ್ದಳು. ನಶ್ಯಕ್ಕೆ ಮೂಗನ್ನು ಬಲಿ ಕೊಟ್ಟಿದ್ದ ಒಬ್ಬ ಮಾಸ್ತರ, ತನ್ನ ಕೊರತೆ ಯಾರಿಗೂ ತಿಳಿಯದಂತೆ ಮಕ್ಕಳ ಮೂಗನ್ನು ಸಾಲ ಪಡೆದು, ಅದಕ್ಕೆ ನಮಸ್ಕಾರವೆಂದು ಹೆಸರಿಟ್ಟು ಹೋಗಿದ್ದ. ಅದನ್ನು ಅವಳು ನಿನ್ನೆ ನಿಲ್ಲಿಸಿದ್ದಳು.

ಅವಳು ಎದ್ದು ನಿಂತಳು. "ಎಲ್ಲಾರೂ ಹೊರಗ ನಡೀರಿ. ಓಡಬ್ಯಾಡ್ರಿ, ಏನೂ ಮುಟ್ಟಬ್ಯಾಡ್ರಿ. ಬೇವಿನ ಗಿಡದ ಕಡಿ ಹೋಗ್ರಿ."

"ಮೇಡಂ, ಆರಾಮ ಇಲ್ಲೇನು? ಸೆಕಿ ಭಾಳ ಆಗೈತಿ, ತಡೀರಿ," ಎನ್ನುತ್ತ ಸಾಹೇಬರು ಎದ್ದು ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಹೋದರು.

ಸುಮಂಗಲಾ ಧಾವಿಸಿ ಬಂದು ಅವರ ಮುಂಗೈಯನ್ನು ಹಿಡಿದುಬಿಟ್ಟಳು. "ಮುಟ್ಟಬ್ಯಾಡ್ರಿ! ಗ್ಯಾಸು ಸೋರಾಕಹತ್ತೈತ್ರಿ. ಒಂದ ಕಿಡಿ ಸಾಕು!"

ಮಕ್ಕಳು ಸಾಲಾಗಿ ಹೊರಟರು. ಅವಳು ಅಡುಗೆಮನೆಗೆ ಓಡಿ, "ಹೊಳಿಯಮ್ಮ, ಒಲಿ ಆರ್ಸು! ಕೇಳಬ್ಯಾಡ, ಮದ್ಲ ಆರ್ಸಿ ಹೊರಗ ಬಾ!" ಎಂದು ಕೂಗಿದಳು. ನೀಲಿ ಜ್ವಾಲೆ ಕುಗ್ಗಿ ಇಲ್ಲವಾಗುವುದನ್ನು ನೋಡಿದ ಮೇಲೆಯೇ ಅವಳು ಬೇವಿನ ಗಿಡದ ಕಡೆಗೆ ನಡೆದಳು.

ಹನುಮಂತಪ್ಪನವರು ಹೊರಗಿನಿಂದ ಕಿಟಕಿಗಳನ್ನು ಎಳೆದು ತೆರೆದರು. ಬಹಳ ಹೊತ್ತಿನ ಮೇಲೆ, ಗಾಳಿ ಒಳಗೆಲ್ಲ ಓಡಾಡಿದ ನಂತರ, ಗ್ಯಾಸಿನ ಅಂಗಡಿಯಿಂದ ಬಂದವರು ಸಿಲಿಂಡರನ್ನು ಬಯಲಿಗೆ ಒಯ್ದರು. ಬೇವಿನ ಗಿಡದ ಕೆಳಗೆ ಬೂದಿಯ ಕರಿಯ ಎಳೆಗಳು ಮೆಲ್ಲಗೆ ಇಳಿದು ಸಾಹೇಬರ ಬಿಳಿಯ ಅಂಗಿಯ ಮೇಲೆ ಕೂಡುತ್ತಿದ್ದವು.

"ಒಳಗ ಬಂದ ಕೂಡ್ಲೇ ನನ್ನ ಮೂಗಿಗೆ ಬಡೀತು," ಎಂದರು ಅವರು ಕೊನೆಗೆ. "ಲ್ಯಾಬ್ ಅಂದ್ಮ್ಯಾಲ ಏನರ ವಾಸನಿ ಇರೂದ, ಮೇಡಂ ಅದಾರಲ್ಲ ಅಂತ ಸುಮ್ಮ ಕುಂತೆ."

"ನನಗೂ ಬಂತ್ರಿ," ಎಂದರು ಹನುಮಂತಪ್ಪನವರು. "ಬಾಜೂಕ ಅಡಗಿಮನಿ ಐತೆಲ್ಲ ಅಂತ..."

ಸುಮಂಗಲಾ ಮಕ್ಕಳತ್ತ ನೋಡಿದಳು. "ನಿಮಗೂ ಬಂದಿತ್ತೇನು?"

ತಲೆಗಳು ಹೌದೆಂದು ಅಲ್ಲಾಡಿದವು.

"ಮತ್ತ ಯಾಕ ಬಾಯಿ ಬಿಡಲಿಲ್ಲ?"

ದಾನೇಶ್ವರಿ ನಿಧಾನವಾಗಿ ಹೇಳಿದಳು, "ನಿನ್ನೆ ನೀವ ಮೂಸಿ ನೋಡಿ ಏನಿಲ್ಲ ಅಂದ್ರೆಲ್ರಿ ಮೇಡಂ. ನಿಮಗ ತಿಳೀಲಾರದ್ದು ನಮಗೇನು ತಿಳೀತೈತಿ?"

ಸುಮಂಗಲಾ ಕೈಯಲ್ಲಿದ್ದ ಕೀಲಿಕೈ ಗೊಂಚಲನ್ನು ಬಿಗಿಯಾಗಿ ಹಿಡಿದಿದ್ದಳು. ಈಗ ಅದನ್ನು ಮುಂದೆ ಚಾಚಿ ಸಾಹೇಬರಿಗೆ ಒಡ್ಡಿದಳು.

"ನನಗ ವಾಸನಿ ಬರಂಗಿಲ್ರಿ. ಆ ಜ್ವರ ಬಂದು ಹೋದಾಗಿಂದ ಇಲ್ಲ. ನಿನ್ನೆ ಮೂಸಿದಂಗ ಮಾಡ್ದೆ."

ಹೊಳಿಯಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಸಾಹೇಬರು ಕೀಲಿಕೈಯನ್ನು ನೋಡಿದರು, ತೆಗೆದುಕೊಳ್ಳಲಿಲ್ಲ.

"ಅಲ್ಲಾ, ವಾಸನಿ ಬರಲಾರದ ನಿಮಗ, ಕಡ್ಡಿ ಗೀರೂ ಹೊತ್ತಿನ್ಯಾಗ ಹ್ಯಾಂಗ ಗೊತ್ತಾತು?"

ಅವಳು ಹೇಳುವ ಮೊದಲೇ ಕಲ್ಲೇಶ ಅಂದ, "ಸರ ಹಚ್ಚು ಅನ್ನಲಿಲ್ರಿ."

"ನಾನು ಅಂದೆನಲ್ಲೋ?"

"ನೀವಂದ್ರಿ," ಎಂದ ಹುಡುಗ ವಿನಯದಿಂದಲೇ. "ಸರ ಅನ್ನಲಿಲ್ಲ."

ಸಾಹೇಬರು ಹೋಗುವ ಮುನ್ನ ಹನುಮಂತಪ್ಪನವರನ್ನು ದೂರಕ್ಕೆ ಕರೆದೊಯ್ದು ಬಹಳ ಹೊತ್ತು ಗದರಿದರು. ಸುಮಂಗಲಾಳಿಗೆ ಹೇಳಿದ್ದು ಚಿಕ್ಕದು: ಕೀಲಿಕೈ ನಿಮ್ಮಲ್ಲೇ ಇರಲಿ, ಆದರೆ ಒಬ್ಬರೇ ಬಾಗಿಲು ತೆಗೆಯಬೇಡಿ, ಮೂಗಿರುವ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಒಳಗೆ ಹೋಗಿ.

ಮುಂದಿನ ವಾರ ಆ ಪ್ರಯೋಗವನ್ನು ಮತ್ತೆ ಮಾಡಿಸಿದಳು. ಕಿಟಕಿಗಳೆಲ್ಲ ತೆರೆದಿದ್ದವು. ಬೂದಿ ಧಾರಾಳವಾಗಿ ಒಳಗೆ ಬಂದು ಮೇಜಿನ ಮೇಲೆ ಕುಳಿತಿತು. ಯಾರೂ ಅದನ್ನು ಒರೆಸಲಿಲ್ಲ.

"ದಾನೇಶ್ವರಿ, ಹೋಗವ್ವಾ. ಹಣಿ ಹಚ್ಚಿದ್ರಷ್ಟ ಸಾಲದು. ಉಸಿರು ಎಳಕೋ. ಏನ್ ಬಂದ್ರೂ, ನನಗ ಗೊತ್ತಿರತೈತಿ ಅಂತ ತಿಳೀಬ್ಯಾಡ. ಬಾಯಿಬಿಟ್ಟು ಹೇಳು."

ದಾನೇಶ್ವರಿ ಬಾಗಿದಳು, ಎಂದಿಗಿಂತ ಹೆಚ್ಚು ಹೊತ್ತು ಬಾಗಿಯೇ ಇದ್ದಳು. "ಏನಿಲ್ರಿ ಮೇಡಂ. ಕಲ್ಲಿನ ವಾಸನಿ ಅಷ್ಟ."

ತಲೆಗಳು ತಗ್ಗಿದವು. ಕಲ್ಲೇಶ ಸುಮಂಗಲಾಳ ಮುಖವನ್ನೊಮ್ಮೆ ನೋಡಿದ. ಅವಳು ಬೇಡವೆನ್ನಲಿಲ್ಲ, ತಾನೂ ಎಲ್ಲರಂತೆ ತಲೆ ತಗ್ಗಿಸಿದಳು.

"ಹಚ್ಚಲೇನ್ರಿ ಸರ?"

ಕೋಣೆ ಕಾಯಿತು. ಅವಳೂ ಕಾದಳು, ಮೊದಲ ಸಲ ಯಾರನ್ನೂ ಹಿಡಿಯಬೇಕೆಂಬ ಹೊಂಚಿಲ್ಲದೆ. ಬರಲಿ ಎಂದು ಹಾರೈಸುತ್ತಿದ್ದಳೋ, ಬಾರದಿರಲಿ ಎಂದೋ, ಅವಳಿಗೇ ತಿಳಿಯಲಿಲ್ಲ.

"ಹಚ್ಚು."

ಅದೇ ಒಣಗಂಟಲು, ಅದೇ ನಿಧಾನ. ಆದರೆ ಈ ಸಲ ದನಿ ಬಹಳ ಹತ್ತಿರದಿಂದ ಬಂದಿತ್ತು. ಅವಳು ಬೆಚ್ಚಿ ಹಿಂದೆ ತಿರುಗಿದಳು. ಹಿಂದೆ ಗೋಡೆ ಮಾತ್ರ ಇತ್ತು.

ಕಡ್ಡಿ ಗೀರಿದ ಸದ್ದಾಯಿತು. ಪಟ್ಟಿಗೆ ಉರಿ ಹತ್ತಿ ಕೋಣೆಯೆಲ್ಲ ಕಣ್ಣು ಕೋರೈಸುವ ಬಿಳುಪಿನಲ್ಲಿ ಮುಳುಗಿತು. ನೇರ ನೋಡಬಾರದೆಂದು ಕಲಿತಿದ್ದ ಮಕ್ಕಳೆಲ್ಲರೂ ಬೆಳಕಿಗೆ ಬೆನ್ನು ಮಾಡಿದ್ದರು. ಎಲ್ಲರ ಮುಖವೂ ಅವಳ ಕಡೆಗಿತ್ತು. ಯಾರ ಮುಖದಲ್ಲಿಯೂ ಆಶ್ಚರ್ಯವಿರಲಿಲ್ಲ. ಪರಿಚಿತರನ್ನು ನೋಡುವಂತೆ ನೋಡುತ್ತಿದ್ದರು.

"ಮೇಡಂ," ಎಂದಳು ದಾನೇಶ್ವರಿ, ಮೆಲ್ಲಗೆ. "ಇವತ್ತ ನೀವ ಅಂದ್ರಿ."

ಸುಮಂಗಲಾ ಕೊರಳ ಮೇಲೆ ಕೈಯಿಟ್ಟುಕೊಂಡಳು. ಗಂಟಲು ಒಣಗಿ, ನಶ್ಯ ಇಳಿದಂತೆ ಸಣ್ಣಗೆ ಉರಿಯುತ್ತಿತ್ತು. ನಾನಲ್ಲ ಎಂದು ಹೇಳಲು ಬಾಯಿ ತೆರೆದಳು. ಆ ಮೊದಲ ದಿನ ಬಾಗಿಲು ಮುಚ್ಚಿ ಕೇಳಿದಾಗ ಈ ಮಕ್ಕಳೆಲ್ಲರೂ ಇದೇ ಮಾತನ್ನು, 'ನಾವಲ್ರಿ' ಎಂದು, ಹೇಳಿದ್ದು ನೆನಪಾಗಿ, ಬಾಯಿ ಮುಚ್ಚಿಕೊಂಡಳು.